ಬೆಕ್ಕಿನ ಕರುಳಿನಲ್ಲಿ ಹುಳುಗಳು

ಬೆಕ್ಕು ಮಲಗಿ ಎದ್ದುಹೋದ ಗೋಣಿಚೀಲದ ಮೇಲೆ ಒಮ್ಮೊಮ್ಮೆ ಒಂದೆರಡು ಅಕ್ಕಿಕಾಳುಗಳು ಬಿದ್ದಿರುವಂತೆ ಕಾಣುವುದುಂಟು. ಅಡುಗೆಮನೆಯಿಂದ ಅಂಟಿಕೊಂಡು ಬಂದಿರಬೇಕೆಂದು ಮನೆಯವರು ಅವನ್ನು ಗುಡಿಸಿಬಿಡುತ್ತಾರೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದರೆ ಆ ‘ಅಕ್ಕಿಕಾಳು’ ಹಿಗ್ಗುತ್ತ ಕುಗ್ಗುತ್ತ ತೆವಳುವುದು ಗೋಚರಿಸೀತು. ಅದು ಬೆಕ್ಕಿನ ಕರುಳಿನಲ್ಲಿ ವಾಸಿಸುವ ಲಾಡಿಹುಳುವಿನಿಂದ ಕಳಚಿಬಿದ್ದ ಒಂದು ತುಣುಕು. ಅದರ ತುಂಬ ತತ್ತಿಗಳು.

ಇದನ್ನು ಕಂಡೊಡನೆ ಯಾವುದೋ ಒಂದು ‘ಹುಳದ ಔಷಧ’ವನ್ನು ತಂದು ಕುಡಿಸಿ, ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ತಿಂಗಳು ಕಳೆಯುವಷ್ಟರಲ್ಲಿ ಅಕ್ಕಿಕಾಳು ಮತ್ತೆ ಪ್ರತ್ಯಕ್ಷವಾಗುತ್ತದೆ. ಕೆಲವೊಮ್ಮೆ ಕೊಟ್ಟ ಔಷಧವು ಆ ಜಾತಿಯ ಹುಳುವಿಗೆ ನಾಟುವಂಥದೇ ಆಗಿರುವುದಿಲ್ಲ. ಕೆಲವೊಮ್ಮೆ ಹುಳುವೇನೋ ಸತ್ತಿರುತ್ತದೆ, ಆದರೆ ಅದು ಒಳಹೊಕ್ಕ ದಾರಿ ಹಾಗೆಯೇ ತೆರೆದಿರುತ್ತದೆ. ಆದುದರಿಂದ ಹುಳು ಯಾವುದು, ಬಂದದ್ದು ಎಲ್ಲಿಂದ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಚಿಕಿತ್ಸೆಗೆ ತೊಡಗುವುದು ಯುಕ್ತ.

ಮೇಲೆ ಹೇಳಿದ ಲಾಡಿಹುಳುವಿನ ಹೆಸರು ಡಿಪೈಲಿಡಿಯಂ ಕೆನೈನಂ. ಇದು ಬೆಕ್ಕಿನಿಂದ ಬೆಕ್ಕಿಗೆ ನೇರವಾಗಿ ದಾಟಲಾರದು. ನಡುವೆ ಚಿಗಟವೊಂದು ಬೇಕು. ಬೆಳೆದ ಚಿಗಟ ಬೆಕ್ಕಿನ ಮೈಮೇಲಿದ್ದು ರಕ್ತ ಹೀರಿದರೆ, ಅದರ ಡಿಂಭವು ಚಾಪೆಯ ಎಳೆಗಳ ನಡುವೆಯೂ ನೆಲದ ಬಿರುಕುಗಳಲ್ಲಿಯೂ ಅಡಗಿ ಕಸವನ್ನು ತಿಂದು ಬೆಳೆಯುತ್ತದೆ. ಆ ಕಸದೊಡನೆ ಲಾಡಿಹುಳುವಿನ ತತ್ತಿಯೂ ಅದರ ಹೊಟ್ಟೆಯನ್ನು ಸೇರುತ್ತದೆ. ಡಿಂಭವು ಚಿಗಟವಾಗುವಾಗ ಒಳಗಿನ ಹುಳುವೂ ಬೆಳೆಯುತ್ತದೆ. ಬೆಕ್ಕು ಎಂಥ ಶುಚಿಪ್ರಿಯ ಪ್ರಾಣಿಯೆಂಬುದನ್ನು ಎಲ್ಲರೂ ಬಲ್ಲರು. ಆ ಶುಚಿತ್ವವೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ: ಮೈಯನ್ನು ನೆಕ್ಕಿಕೊಳ್ಳುವಾಗ ಚಿಗಟವನ್ನೂ ನುಂಗುತ್ತದೆ. ಸುಮಾರು 3 ವಾರಗಳಲ್ಲಿ ಹೊಸ ಅಕ್ಕಿಕಾಳುಗಳು ಉದುರಲಾರಂಭಿಸುತ್ತವೆ.

ಈ ಹುಳುವಿಗೆ ಪ್ರಾಜಿಕ್ವಾಂಟೆಲ್ ಒಳ್ಳೆಯ ಔಷಧ. ಬೆಕ್ಕಿನ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 5 ಮಿಲಿಗ್ರಾಂ ಸಾಕು. ಸತ್ತ ಹುಳು ಕರುಳಿನಲ್ಲಿಯೇ ಜೀರ್ಣವಾಗಿ ಹೋಗುವುದರಿಂದ, ಅದು ಹೊರಬೀಳಲಿಲ್ಲವೆಂದು ಇನ್ನೊಂದು ಗುಳಿಗೆ ಕೊಡಬೇಕಾದುದಿಲ್ಲ. ಅದೇ ವಾರ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಮೂಲೆಗಳನ್ನು ಗುಡಿಸಿ, ಬೆಕ್ಕಿನ ಮೈಯ ಚಿಗಟಗಳನ್ನೂ ನಿವಾರಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ನಾಯಿಗಳ ಚಿಗಟಕ್ಕೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆತ್ರಿನ್ ಎಂಬ ವಸ್ತುವಿರುತ್ತದೆ. ನಾಯಿ ತಾಳಿಕೊಳ್ಳುವ ಈ ವಸ್ತುವನ್ನು ಬೆಕ್ಕಿನ ಯಕೃತ್ತು ಬೇಗನೆ ನಿರ್ವಿಷಗೊಳಿಸಲಾರದು. ಬೆಕ್ಕು ನಡುಗಿ, ಸೆಳವು ಬಂದು ಸಾಯಬಹುದು. ಹುಳುವಿನಿಂದ ಸಾಯದ ಬೆಕ್ಕು ಹೀಗೆ ಔಷಧದಿಂದ ಸಾಯುವುದು ಶೋಚನೀಯ.

ಇಲಿ ಹಿಡಿಯುವ ಬೆಕ್ಕಿಗೆ ಟೀನಿಯ ಎಂಬ ಇನ್ನೊಂದು ಬಗೆಯ ಲಾಡಿಹುಳು ಇಲಿಯ ಯಕೃತ್ತಿನಿಂದ ಬರುತ್ತದೆ. ಅದಕ್ಕೂ ಮೇಲಿನ ಔಷಧವೇ. ಇಲಿ ಹಿಡಿಯಬೇಡವೆಂದು ಬೆಕ್ಕಿಗೆ ಹೇಳುವಂತಿಲ್ಲವಾದ್ದರಿಂದ ಆಗಾಗ ಕೊಡಬೇಕಾಗುತ್ತದೆ.

ಮರಿಗಳ ಮುಖ್ಯ ಶತ್ರುವು ದುಂಡುಹುಳು, ಅಂದರೆ ಟಾಕ್ಸೊಕಾರ ಕ್ಯಾಟಿ. ಬೆಂದ ಶಾವಿಗೆಯಂತೆ ಬೆಳ್ಳಗಿದ್ದು, ಹೆಣ್ಣುಹುಳು 10 ಸೆಂಟಿಮೀಟರಿನವರೆಗೂ ಬೆಳೆಯಬಲ್ಲದು. ಮರಿ ವಾಂತಿ ಮಾಡಿದಾಗ ಇದು ಸುರುಳಿ ಸುತ್ತಿಕೊಂಡು ಹೊರಬೀಳುವುದುಂಟು. ಕೈಕಾಲು ಬಡವಾಗಿ, ರೋಮ ಒರಟಾಗಿ, ಹೊಟ್ಟೆ ಮಾತ್ರ ಗುಡಾಣದಂತಾಗುವುದು ಇದರ ಲಕ್ಷಣ. ಮರಿ ಚೆನ್ನಾಗಿ ಹಾಲು ಕುಡಿದಿದೆಯೆಂದು ಆ ಹೊಟ್ಟೆಯನ್ನು ಕಂಡು ಸಂತೋಷಪಡುವವರೂ ಇದ್ದಾರೆ!

ಕಣ್ಣು ತೆರೆದು ಕೆಲವೇ ದಿನಗಳಾದ ಮರಿಗೆ ಹುಳು ಎಲ್ಲಿಂದ ಬಂತು? ತಾಯಿಯ ಹಾಲಿನಿಂದ. ಬೆಕ್ಕು ತತ್ತಿಯನ್ನು ನುಂಗಿದಾಗ ಹೊರಬರುವ ಡಿಂಭವು ಕರುಳನ್ನು ಕೊರೆದು, ಯಕೃತ್ತನ್ನು ಹಾದು ಶ್ವಾಸಕೋಶವನ್ನು ಸೇರಿ, ಕೆಮ್ಮಿದಾಗ ಗಂಟಲಿಗೆ ಬಂದು ಮತ್ತೆ ಹೊಟ್ಟೆಗಿಳಿಯುತ್ತದೆ. ಎಲ್ಲ ಡಿಂಭಗಳೂ ಈ ಯಾತ್ರೆಯನ್ನು ಮುಗಿಸುವುದಿಲ್ಲ. ಕೆಲವು ಮಾಂಸಖಂಡಗಳಲ್ಲಿ ಉಳಿದು, ಬೆಕ್ಕು ಮರಿಹಾಕಿದಾಗ ಹಾಲಿನೊಡನೆ ಇಳಿಯುತ್ತವೆ. ಪೈರಾಂಟೆಲ್ ಎಂಬ ಔಷಧವು ಕರುಳಿನಲ್ಲಿರುವ ಹುಳುಗಳನ್ನು ಮಾತ್ರ ಕೊಲ್ಲುತ್ತದೆ. ಮಾಂಸದಲ್ಲಿ ಅಡಗಿರುವುದನ್ನು ಮುಟ್ಟುವುದಿಲ್ಲ. ಆದುದರಿಂದಲೇ ಮರಿಗೆ 3 ವಾರ ತುಂಬಿದಾಗ ಮೊದಲ ಸಲ ಕೊಟ್ಟು, ಹಾಲು ಬಿಟ್ಟು 2 ವಾರ ಕಳೆಯುವವರೆಗೆ ಎರಡೆರಡು ವಾರಕ್ಕೊಮ್ಮೆ ಪುನಃ ಕೊಡುವುದು ಕ್ರಮ. ತಾಯಿಗೂ ಜೊತೆಯಲ್ಲಿಯೇ ಔಷಧ ಬೇಕು. ಪ್ರಮಾಣವನ್ನು ಕಣ್ಣಳತೆಯಿಂದ ನಿರ್ಧರಿಸದೆ, ಮರಿಯನ್ನು ತೂಗಿ ಪಶುವೈದ್ಯರನ್ನು ಕೇಳಬೇಕು.

ಕೊಕ್ಕೆಹುಳು ಹೀಗೆ ಕಣ್ಣಿಗೆ ಬೀಳುವುದೇ ಇಲ್ಲ. 1 ಸೆಂಟಿಮೀಟರ್ ಉದ್ದದ ಈ ಜೀವಿ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಬೆಕ್ಕಿನ ತುಟಿಯನ್ನು ಎತ್ತಿ ನೋಡಿ: ಗುಲಾಬಿ ಬಣ್ಣವಿರಬೇಕಾದ ವಸಡು ಬಿಳಿಚಿದ್ದು, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಇದರ ಮೇಲೆ ಸಂಶಯಪಡಬೇಕು. ಹುಳುವಿಗೆ ಬೆಳ್ಳುಳ್ಳಿ ಒಳ್ಳೆಯದೆಂದು ಅರೆದು ಕುಡಿಸುವ ಪದ್ಧತಿ ಕೆಲವೆಡೆ ಇದೆ. ಬೆಳ್ಳುಳ್ಳಿ, ಈರುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಮೊದಲೇ ರಕ್ತ ಕಳೆದುಕೊಂಡ ಪ್ರಾಣಿಗೆ ಇದಕ್ಕಿಂತ ಕೆಟ್ಟ ಉಪಚಾರ ಬೇರೊಂದಿಲ್ಲ.

ಕಾಣದ ಹುಳುವನ್ನು ಅದರ ತತ್ತಿಯಿಂದ ಗುರುತಿಸಬಹುದು. ಮಲದ ಚೂರನ್ನು ಉಪ್ಪಿನ ಪರ್ಯಾಪ್ತ ದ್ರಾವಣದಲ್ಲಿ ಕದಡಿ, ಸೋಸಿ, ನಳಿಕೆಯ ಬಾಯಿಯ ಮಟ್ಟಕ್ಕೆ ತುಂಬಿ, ಮೇಲೆ ತೆಳುಗಾಜನ್ನು ಇಡುತ್ತಾರೆ. ದ್ರಾವಣಕ್ಕಿಂತ ಹಗುರವಾದ ತತ್ತಿಗಳು ತೇಲಿಬಂದು ಗಾಜಿಗೆ ಅಂಟುತ್ತವೆ. ಸೂಕ್ಷ್ಮದರ್ಶಕದಡಿಯಲ್ಲಿ ದುಂಡುಹುಳುವಿನ ತತ್ತಿ ಗುಳಿಗುಳಿಯಾದ ದಪ್ಪ ಚಿಪ್ಪಿನಿಂದಲೂ, ಕೊಕ್ಕೆಹುಳುವಿನದು ತೆಳುಚಿಪ್ಪಿನೊಳಗಿನ ವಿಭಜಿಸುತ್ತಿರುವ ಕೋಶಗಳಿಂದಲೂ ಪರಿಚಯವಾಗುತ್ತದೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಹುಳುವೇ ಇಲ್ಲವೆನ್ನಲಾಗದು. ಇನ್ನೂ ಪ್ರಾಯಕ್ಕೆ ಬಾರದ ಹುಳು ತತ್ತಿಯಿಡುವುದಿಲ್ಲ; ಲಾಡಿಹುಳುವಿನ ತತ್ತಿಗಳಾದರೋ ತುಣುಕಿನೊಳಗೇ ಉಳಿದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ. ಭೇದಿಗೆ ಹುಳುವಲ್ಲದ ಏಕಕೋಶ ಜೀವಿಗಳೂ ಕಾರಣವಾಗಬಹುದು. ಅವಕ್ಕೆ ಪೈರಾಂಟೆಲ್ ನಾಟದು.

ಬೆಕ್ಕಿನ ಮಲದಲ್ಲಿ ಹೊರಬಿದ್ದ ದುಂಡುಹುಳುವಿನ ತತ್ತಿ ಆ ಕ್ಷಣದಲ್ಲಿ ನಿರಪಾಯಕಾರಿ. ಮಣ್ಣಿನಲ್ಲಿ 2ರಿಂದ 4 ವಾರ ಇದ್ದು ಒಳಗೆ ಡಿಂಭ ಬೆಳೆದ ಮೇಲೆ ಅದು ಮನುಷ್ಯನಿಗೂ ತಗಲಬಲ್ಲದು. ಮನುಷ್ಯನಲ್ಲಿ ಪ್ರಾಯಕ್ಕೆ ಬರಲಾರದ ಡಿಂಭವು ದೇಹದಲ್ಲೆಲ್ಲ ಅಲೆಯುತ್ತ ಒಮ್ಮೊಮ್ಮೆ ಕಣ್ಣನ್ನು ಹೊಗುತ್ತದೆ. 1950ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್ ಎಂಬ ವಿಜ್ಞಾನಿ, ಶಸ್ತ್ರಕ್ರಿಯೆಯಿಂದ ತೆಗೆದ ಮಕ್ಕಳ 46 ಕಣ್ಣುಗಳನ್ನು ಪರೀಕ್ಷಿಸಿದಾಗ 24ರಲ್ಲಿ ಇಂಥ ಹುಳುಗಳ ಕುರುಹು ದೊರೆಯಿತು. ಅವುಗಳಲ್ಲಿ ಕೆಲವು ಟಾಕ್ಸೊಕಾರ ಡಿಂಭಗಳೆಂದು ಮುಂದೆ ತಿಳಿದುಬಂತು. ಇಂಥ ರೋಗಗಳಲ್ಲಿ ನಾಯಿಯ ದುಂಡುಹುಳುವಿನ ಪಾಲು ದೊಡ್ಡದಾದರೂ ಬೆಕ್ಕಿನದನ್ನು ಅಲಕ್ಷಿಸುವಂತಿಲ್ಲ.

ಮನೆ ಕಟ್ಟುವವರು ಬೀದಿಯಲ್ಲಿ ಸುರಿಸಿದ ಮರಳಿನ ರಾಶಿ ಮಕ್ಕಳಿಗೆ ಹಗಲಿನ ಆಟದ ಬಯಲು. ರಾತ್ರಿ ಬೆಕ್ಕುಗಳಿಗೆ ಮಲವನ್ನು ಹೂತಿಡಲು ಅನುಕೂಲವಾದ ಸ್ಥಳ. ಸಂಜೆಯಾದೊಡನೆ ರಾಶಿಯ ಮೇಲೆ ಟಾರ್ಪಾಲನ್ನು ಹೊದಿಸಿ ಅಂಚಿಗೆ ಕಲ್ಲನ್ನಿಡಬೇಕು. ಆಡಿ ಬಂದ ಮಕ್ಕಳು ಉಗುರುಸಂದಿಗಳನ್ನೂ ಬಿಡದಂತೆ ಸಾಬೂನಿನಿಂದ ಕೈತೊಳೆದ ಮೇಲೆಯೇ ಊಟಕ್ಕೆ ಕುಳಿತುಕೊಳ್ಳಬೇಕು.