ಭಾರದ ಕಾರಿಗೆ ಎಂಥ ವೀಲ್?

ಪ್ರಶ್ನೆ: ನನ್ನದು 2010ರ ಮರ್ಸಿಡಿಸ್ ಎಸ್ 350, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಗುಂಡಿಗೆ ಬಿದ್ದು 18 ಇಂಚಿನ ಎರಡು ಅಲಾಯ್ ಬೆಂಡಾಗಿವೆ. ಕಂಪನಿ ವೀಲ್‌ನ ಬೆಲೆ ಕೇಳಿಯೇ ತಲೆ ತಿರುಗಿತು. ಅಂಗಡಿಯವರು 20 ಇಂಚಿನ ರೆಪ್ಲಿಕಾ ತೋರಿಸಿ, ‘ಪಿಸಿಡಿ ಒಂದೇ, ಆರಾಮಾಗಿ ಕೂರುತ್ತೆ ಸಾರ್’ ಎನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ವೃತ್ತದ ವ್ಯಾಸ, ಒಂದೇ ಆಗಿದ್ದರೆ ಕೂರುವುದೇನೋ ಕೂರುತ್ತದೆ. ಆದರೆ ನಿಮ್ಮ ಕಾರು ಖಾಲಿ ನಿಂತಾಗಲೇ ಹೆಚ್ಚುಕಡಿಮೆ ಎರಡು ಟನ್. ಅದನ್ನು ಹೊರುತ್ತದೆಯೇ ಎಂಬುದನ್ನು ಮೊದಲು ನೋಡಿ.

ಮುಂದಿನ ಬಾಗಿಲು ತೆರೆದರೆ ಕಂಬದ ಮೇಲೊಂದು ಫಲಕವಿರುತ್ತದೆ. ಮುಂದಿನ, ಹಿಂದಿನ ಆಕ್ಸಲ್‌ಗಳ ಗರಿಷ್ಠ ಭಾರ ಅದರಲ್ಲಿದೆ. ಹೆಚ್ಚಿನದನ್ನು ಎರಡರಿಂದ ಭಾಗಿಸಿ. 1,420 ಕೆ.ಜಿ. ಎಂದಿದ್ದರೆ ಒಂದು ವೀಲ್‌ಗೆ 710 ಕೆ.ಜಿ. ವೀಲ್‌ನ ಹಿಂಬದಿಯಲ್ಲಿ ಅಚ್ಚೊತ್ತಿರುವ ಲೋಡ್ ಅಂಕಿ ಅದಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಅಂಕಿಯೇ ಇಲ್ಲದಿದ್ದರೆ ಅಂಗಡಿಯಿಂದಲೇ ಹೊರಬನ್ನಿ. ಜೊತೆಗೆ ಐಎಸ್ 16192ರ ಐಎಸ್‌ಐ ಗುರುತು, ಇಲ್ಲವೇ ಜಪಾನಿನ ಜೆಡಬ್ಲ್ಯುಎಲ್ ಮತ್ತು ವಿಐಎ ಗುರುತುಗಳನ್ನು ಹುಡುಕಿ. ಜೆಡಬ್ಲ್ಯುಎಲ್ ತಯಾರಕರೇ ಹಾಕಿಕೊಳ್ಳುವ ಗುರುತು. ಹೊರಗಿನವರ ಪರೀಕ್ಷೆಗೆ ಸಾಕ್ಷಿ ವಿಐಎ.

ಇನ್ನು 20 ಇಂಚಿನ ಆಸೆ. 18 ಇಂಚಿಗೆ 255/45, 19ಕ್ಕೆ 255/40, 20ಕ್ಕೆ 255/35 ಟೈರ್ ಹಾಕಿದರೆ ಒಟ್ಟು ವ್ಯಾಸ ಬದಲಾಗುವುದಿಲ್ಲ, ಸ್ಪೀಡೋಮೀಟರೂ ಸುಳ್ಳು ಹೇಳುವುದಿಲ್ಲ. ಆದರೆ ಟೈರಿನ ಪಕ್ಕದ ಗೋಡೆ 115 ಮಿ.ಮೀ.ನಿಂದ 89ಕ್ಕೆ ಇಳಿಯುತ್ತದೆ. ಒಳಗಿನ ಗಾಳಿಯೂ ಅಷ್ಟೇ ಕಡಿಮೆ. ಭಾರ ಹೊರುವುದು ಆ ಗಾಳಿಯೇ ತಾನೆ? ಹಾಗಾಗಿ 18 ಇಂಚಿನ ಸಾಮಾನ್ಯ ಟೈರ್ 99ರ ಲೋಡ್ ಇಂಡೆಕ್ಸ್‌ನಲ್ಲಿ 775 ಕೆ.ಜಿ. ಹೊತ್ತರೆ, 20 ಇಂಚಿನದು ಹೆಚ್ಚು ಭಾರ ಹೊರಲೆಂದೇ ಮಾಡಿದ ಎಕ್ಸ್‌ಎಲ್ ದರ್ಜೆಯದಾಗಿದ್ದೂ 97ರಲ್ಲಿ, ಅಂದರೆ 730 ಕೆ.ಜಿ.ಗೆ ನಿಲ್ಲುತ್ತದೆ. ಅದಕ್ಕೂ ಗಾಳಿಯ ಒತ್ತಡ ಹೆಚ್ಚು ಬೇಕು. ನಮ್ಮ ರಸ್ತೆಯಲ್ಲಿ 18 ಇಂಚಿನ ವೀಲೇ ಬೆಂಡಾಗಿದ್ದರೆ 20ರ ಗತಿ ನೀವೇ ಊಹಿಸಿ. ನೋಡಲು ಚಂದ, ಒಪ್ಪುತ್ತೇನೆ.

ನನ್ನ ಮಾತು ಕೇಳಿದರೆ, ಇದೇ ಮಾದರಿಯ ಕಾರಿನಿಂದ ಬಿಚ್ಚಿದ ಅಸಲಿ 18 ಇಂಚಿನ ಜೋಡಿ ಹುಡುಕಿ. ಹಿಂಬದಿಯಲ್ಲಿ ಅಳತೆ, ಆಫ್‌ಸೆಟ್ ಮತ್ತು ಪಾರ್ಟ್ ನಂಬರ್ ನಿಮ್ಮ ಹಳೆಯದರಲ್ಲಿರುವಂತೆಯೇ ಇರಲಿ. ಕೊಳ್ಳುವ ಮುನ್ನ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ನೋಡಿಸಿ. ಹೊಸದಾಗಿ ಬಣ್ಣ ಬಳಿದದ್ದಾದರೆ ಇನ್ನಷ್ಟು ಅನುಮಾನವಿರಲಿ, ಬಿರುಕು ಮುಚ್ಚಲು ಬಣ್ಣಕ್ಕಿಂತ ಅಗ್ಗದ ದಾರಿಯಿಲ್ಲ.

ಪ್ರಶ್ನೆ: ಸ್ನೇಹಿತರ ಸ್ಕೋಡಾ ಸೂಪರ್ಬ್‌ನ ವೀಲ್‌ಗಳು ಸುಮ್ಮನೆ ಬಿದ್ದಿವೆ. ನನ್ನ ಹಳೆಯ ಎಸ್-ಕ್ಲಾಸ್‌ನದೂ 5x112 ಪಿಸಿಡಿಯೇ. ನಡುವಿನ ತೂತನ್ನು ಲೇತ್‌ನಲ್ಲಿ ದೊಡ್ಡದು ಮಾಡಿಸಿದರೆ ಸಾಕಲ್ಲವೇ?
– ಓದುಗರು, ಮೈಸೂರು

ಉತ್ತರ: ಸೂಪರ್ಬ್‌ನ ತೂತು 57.1 ಮಿ.ಮೀ., ನಿಮ್ಮ ಹಬ್ 66.6. ಬೋಲ್ಟ್‌ಗಳ ನಡುವೆ ಗಟ್ಟಿಯಾಗಿ ಇರಬೇಕಾದ ಲೋಹವನ್ನೇ ಸುತ್ತಲೂ ಸುಮಾರು ಐದು ಮಿ.ಮೀ. ಕೆರೆಸಬೇಕಾಗುತ್ತದೆ. ಅದೂ ನಿಮ್ಮದಕ್ಕಿಂತ ಹಗುರ ಕಾರಿಗೆಂದು ಮಾಡಿದ ವೀಲ್‌ನಲ್ಲಿ. ಬೋಲ್ಟ್ ತಲೆ ಕೂರುವ ಗುಂಡನೆಯ ಜಾಗವೂ ಬೇರೆ. ಸ್ಕೋಡಾದ್ದು 13 ಮಿ.ಮೀ. ತ್ರಿಜ್ಯ, ನಿಮ್ಮದು 14. ಕಣ್ಣಿಗೆ ಕಾಣದ ಈ ಒಂದು ಮಿ.ಮೀ.ಯಿಂದ ಬೋಲ್ಟ್ ಅಂಚಿನಲ್ಲಷ್ಟೇ ಒತ್ತಿ ನಿಂತು, ಓಡುತ್ತಾ ಓಡುತ್ತಾ ಸಡಿಲವಾಗಬಹುದು. ಸ್ನೇಹಿತರಿಗೆ ಧನ್ಯವಾದ ಹೇಳಿ ಅಲ್ಲಿಯೇ ಬಿಡಿ.

ಪ್ರಶ್ನೆ: ಬೆಂಡಾದ ಅಲಾಯ್ ಕಾಯಿಸಿ ನೆಟ್ಟಗೆ ಮಾಡಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಂಚಿನಲ್ಲಿ ಸಣ್ಣ ಬೆಂಡಾಗಿದ್ದರೆ ಪ್ರೆಸ್‌ನಲ್ಲಿ ತೆಗೆಸಬಹುದು. ಗ್ಯಾಸ್ ಬೆಂಕಿ ಹಿಡಿದು ಅಂದಾಜಿನ ಮೇಲೆ ಕಾಯಿಸುವವರಿಗೆ ಕೊಡಬೇಡಿ, ಕಾರ್ಖಾನೆಯಲ್ಲಿ ಹದಗೊಳಿಸಿ ಕೊಟ್ಟ ಗಟ್ಟಿತನ ಹೋಗಿಬಿಡುತ್ತದೆ. ಕಡ್ಡಿಗಳಲ್ಲಿ ಅಥವಾ ಬೋಲ್ಟ್ ತೂತಿನ ಬಳಿ ಬಿರುಕಿದ್ದರೆ ವೆಲ್ಡಿಂಗ್ ಮಾತೇ ಇಲ್ಲ, ಅದು ಗುಜರಿಗೆ.