ಮೊದಲು ಒಳಕಲ್ಲು ತೋರಿಸಮ್ಮ

ಮೊನ್ನೆ ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದೆಯಲ್ಲ, ಅಷ್ಟರಲ್ಲೇ ನಿನ್ನ ರೈಲು ಬಂದುಬಿಟ್ಟಿತು. ನೀನು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ‘ಮೇಷ್ಟ್ರೇ, ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈಗಿನ ಕಲಾವಿದರ ಪರಿಚಯ ಮಾಡಿಸಬೇಕು ಅಂತಿದ್ದೀನಿ, ಹತ್ತು ಹೆಸರು ಬರೆದುಕೊಡಿ’ ಅಂದೆ. ನನ್ನ ಕ್ಲಾಸಿನಲ್ಲಿ ಕುಂಚ ಹಿಡಿಯಲು ಕಲಿತವಳು ಇವತ್ತು ಡ್ರಾಯಿಂಗ್ ಟೀಚರಾಗಿ ಹೀಗೆ ಕೇಳಿದ್ದು ಮನಸ್ಸಿಗೆ ತುಂಬ ಹಿತವಾಯಿತು. ಹೆಸರುಗಳ ಪಟ್ಟಿ ಆಮೇಲೆ ಕೊಡುತ್ತೇನೆ. ಅದಕ್ಕೂ ಮೊದಲು ನಿನ್ನ ಕಿವಿಗೆ ಹಾಕಬೇಕಾದ ಮಾತೊಂದಿದೆ.

ಕಲಾವಿದರ ಹೆಸರು, ಹುಟ್ಟಿದ ವರ್ಷ, ಬಂದ ಪ್ರಶಸ್ತಿಗಳನ್ನು ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡಬೇಡ. ‘ಈ ಕೃತಿಯ ಅರ್ಥ ಇಷ್ಟು’ ಎಂದಂತೂ ಹೇಳಲೇಬೇಡ. ನಾನು ಹಾಗೆ ಮಾಡಿ ಕೆಟ್ಟಿದ್ದೇನೆ. ಒಂದು ವರ್ಷ ದೊಡ್ಡ ಕಲಾವಿದರೊಬ್ಬರ ಕೃತಿಯ ಚಿತ್ರ ತಂದು ಗೋಡೆಗೆ ಅಂಟಿಸಿ, ಅದರ ಅರ್ಥವನ್ನು ನಾನೇ ವಿವರಿಸಿದೆ. ಮಕ್ಕಳು ತಲೆಯಾಡಿಸಿದರು. ಮಾರನೇ ದಿನ ನೋಟ್‌ಬುಕ್ ತರಿಸಿ ನೋಡಿದರೆ ಎಲ್ಲದರಲ್ಲೂ ನನ್ನದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಚಿತ್ರದಲ್ಲಿ ಎಡಗಡೆ ಏನಿತ್ತು ಅಂತ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅರ್ಥ ಸಿಕ್ಕಿದ ಮೇಲೆ ನೋಡುವ ಗರಜು ಯಾರಿಗಿರುತ್ತದೆ?

ಹಾಗಾದರೆ ಎಲ್ಲಿಂದ ಶುರು ಮಾಡುವುದು ಅಂತೀಯ. ಒಳಕಲ್ಲಿನಿಂದ ಶುರು ಮಾಡು.

2013ರ ಮೊದಲಲ್ಲಿ ನಾನು ಕೊಚ್ಚಿಗೆ ಹೋಗಿದ್ದೆ. ಹಿಂದಿನ ವರ್ಷ ಡಿಸೆಂಬರ್ 12ಕ್ಕೆ ಅಲ್ಲಿ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆ ಶುರುವಾಗಿತ್ತು. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಅಂದರೆ ಹಿಂದಿನ ವ್ಯಾಪಾರಿ ಕಂಪನಿಯ ಗೋದಾಮುಗಳಿರುವ ಜಾಗ, ನೀರಿಗೆ ಅಂಟಿಕೊಂಡೇ ಇದೆ. ದೇಶವಿದೇಶದ ಕಲಾವಿದರ ಕೆಲಸ ನೋಡಲು ಹೋದವನಿಗೆ ಅಲ್ಲಿ ಕಂಡದ್ದು ನಮ್ಮ ಹಿತ್ತಲಿನ ಒಳಕಲ್ಲು! ಒಂದೆರಡಾದರೆ ಸರಿ, ಕಣ್ಣು ಹಾಯುವಷ್ಟು ಕಲ್ಲುಗಳು. ಬೆಂಗಳೂರಿನ ಬೀದಿಗಳಲ್ಲಿ ಅನಾಥವಾಗಿ ಬಿದ್ದಿದ್ದವನ್ನು ಕೂಡಿಸಿ, ಕೊಚ್ಚಿಯವರೆಗೆ ಸಾಗಿಸಿ ತಂದವರು ಶೀಲಾ ಗೌಡ ಮತ್ತು ಅವರ ಪತಿ ಕ್ರಿಸ್ಟೋಫ್ ಸ್ಟೋರ್ಜ್. ಕೃತಿಗೆ ‘ಸ್ಟಾಪ್‌ಓವರ್’ ಅಂತ ಹೆಸರಿಟ್ಟಿದ್ದರು, ದಾರಿಯ ನಡುವೆ ಒಂದಿಷ್ಟು ಹೊತ್ತು ತಂಗುವುದು ಅಂತ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನನ್ನ ಅವ್ವ ಮಂಡಿಯೂರಿ ದೋಸೆಹಿಟ್ಟು ರುಬ್ಬುತ್ತಿದ್ದದ್ದು, ಗುಂಡುಕಲ್ಲು ತಿರುಗುವ ಸದ್ದು ಎಲ್ಲ ನೆನಪಾಯಿತು. ಮಿಕ್ಸಿ ಬಂತು, ಗ್ರೈಂಡರ್ ಬಂತು, ಹಳೆಯ ಮನೆ ಕೆಡವಿ ಹೊಸದು ಕಟ್ಟಿದರು. ನೆಲದಿಂದ ಕಿತ್ತ ಕಲ್ಲನ್ನು ಒಡೆಯಲು ಮನಸ್ಸು ಬರಲಿಲ್ಲ, ಇಟ್ಟುಕೊಳ್ಳಲು ಜಾಗ ಸಾಲಲಿಲ್ಲ. ಹಾಗಾಗಿ ಬೀದಿ ಬದಿಗೆ ತಂದಿಟ್ಟು ಸುಮ್ಮನಾದರು. ಇದನ್ನೆಲ್ಲ ಅಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ. ಕಲ್ಲುಗಳನ್ನು ನೋಡುತ್ತ ಕೂತಾಗ ತಾನಾಗಿಯೇ ಹೊಳೆಯಿತು.

ನೀನು ಮಾಡಬೇಕಾದ್ದು ಇಷ್ಟು. ಒಂದು ಒಳಕಲ್ಲನ್ನು ಕ್ಲಾಸಿನ ನಡುವೆ ಇಡು. ಯಾರ ಮನೆಯಲ್ಲಿ ಇದೆ, ಈಗ ಎಲ್ಲಿದೆ, ಯಾರು ರುಬ್ಬುತ್ತಿದ್ದರು, ಯಾಕೆ ಎಸೆಯಲಿಲ್ಲ ಅಂತ ಕೇಳು. ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳು. ಎರಡು ಪೀರಿಯಡ್ ಅದೇ ಮಾತಾಗಲಿ. ಆಮೇಲೆ ‘ನಮ್ಮ ಕಡೆಯ ಹೆಂಗಸೊಬ್ಬರು ಇದೇ ಕಲ್ಲುಗಳಿಂದ ಏನು ಮಾಡಿದ್ದಾರೆ ನೋಡಿ’ ಅಂತ ಚಿತ್ರ ತೋರಿಸು. ಅಷ್ಟು ಹೊತ್ತಿಗೆ ಆ ಕೃತಿಯ ಬಗ್ಗೆ ಹೇಳಲು ಮಕ್ಕಳ ಬಳಿಯೇ ನಿನಗಿಂತ ಹೆಚ್ಚು ಮಾತಿರುತ್ತದೆ.

‘ನಮ್ಮ ಕಡೆ’ ಅಂದದ್ದು ಸುಮ್ಮನೆ ಅಲ್ಲಮ್ಮ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಇಲ್ಲಿ ಅರಸೀಕೆರೆಯಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ಕಡೂರು, ಬೀರೂರು, ತರೀಕೆರೆ ದಾಟಿದ ಮೇಲೆ ಸಿಗುವ ಊರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೆ ಹೋಗಿ, ಲಂಡನ್ನಿನಲ್ಲೂ ಓದಿ ಬಂದವರು. 1992ರ ಕೊನೆಯ ಗಲಭೆಗಳಾದ ಮೇಲೆ ಕ್ಯಾನ್ವಾಸ್ ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಕುರುಳು ತಟ್ಟುವ ಆ ಸಗಣಿಯೇ. ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರೆ ನಗಲಿ. ಅದೇ ಮಕ್ಕಳ ಮನೆಯಲ್ಲಿ ಸಂಕ್ರಾಂತಿಗೆ, ದೀಪಾವಳಿಗೆ ಅದೇ ಸಗಣಿಗೆ ಹೂ ಮುಡಿಸುತ್ತಾರೆ.

1998ರಲ್ಲಿ ಅವರು ಮಾಡಿದ ಕೃತಿಯೊಂದಿದೆ, ‘ನನ್ನ ನೋವನ್ನು ಅವನಿಗೆ ಹೇಳು’ ಎನ್ನುವ ಅರ್ಥದ ಹೆಸರು ಅದಕ್ಕೆ. ಹೊಲಿಗೆ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ ಉದ್ದಕ್ಕೂ ಎಳೆದು, ಅಂಥ ಎಳೆಗಳನ್ನೆಲ್ಲ ಸೇರಿಸಿ ಅಂಟು, ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದರು. ಉದ್ದ ನೂರು ಮೀಟರಿಗೂ ಹೆಚ್ಚು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಮೊಬೈಲಿನಲ್ಲಿ ನೋಡಿದರೆ ಇದು ಗೋಡೆಯ ಮೇಲಿನ ಕೆಂಪು ಗೆರೆಯಂತೆ ಕಾಣುತ್ತದೆ, ಅಷ್ಟೇ. ಅದಕ್ಕೇ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ನೂರು ಮೀಟರ್ ದಾರ ಎಳೆಸು. ಒಬ್ಬೊಬ್ಬರ ಕೈಗೂ ಒಂದು ಸೂಜಿ ಕೊಟ್ಟು, ಆ ಇಡೀ ದಾರ ಸೂಜಿಯ ಕಣ್ಣಿನಲ್ಲಿ ಹಾದುಹೋಗುವಂತೆ ಮಾಡಿಸು. ಬೆರಳು ನೋಯುತ್ತದೆ, ಬೇಜಾರಾಗುತ್ತದೆ, ದಾರ ಸಿಕ್ಕಾಗುತ್ತದೆ. ಇಂಥ ಕೆಲಸ ದಿನವಿಡೀ ಮಾಡುವವರು ಯಾರು ಅಂತ ಆಗ ಕೇಳು. ಬೀಡಿ ಕಟ್ಟುವ ಅತ್ತೆ, ಹೂ ಕಟ್ಟುವ ಅಮ್ಮ, ಗಾರ್ಮೆಂಟ್ಸಿಗೆ ಹೋಗುವ ಅಕ್ಕ, ಒಬ್ಬೊಬ್ಬರಾಗಿ ಬರುತ್ತಾರೆ. ಕೃತಿಯ ಹಿಂದಿನ ಯೋಚನೆ ಆ ಬೆರಳ ತುದಿಯ ನೋವಿನಲ್ಲೇ ಇದೆ. ಅದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಲಾರಿ, ಕಾರುಗಳ ಬಂಪರಿಗೆ ದೃಷ್ಟಿಯಾಗದಿರಲಿ ಅಂತ ಕೂದಲ ಹಗ್ಗ ಕಟ್ಟುವುದನ್ನು ನೀನೂ ನೋಡಿರುತ್ತೀಯ. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಶೀಲಾ ಗೌಡ ಅಂಥದೇ ಹಗ್ಗವನ್ನು ಸುಮಾರು 4,000 ಮೀಟರ್ ಬಳಸಿ, ಅದರಿಂದ ಕಾರಿನ ಬಂಪರುಗಳನ್ನು ನೇತುಹಾಕಿದರು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮಾಲೇಕಲ್ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಹುಡುಗ ನಿನ್ನ ಕ್ಲಾಸಿನಲ್ಲಿ ಇದ್ದೇ ಇರುತ್ತಾನೆ. ಅವನಿಗೆ ಈ ಕೃತಿ ಪರದೇಶದ್ದು ಅನ್ನಿಸುವುದಿಲ್ಲ.

ಇನ್ನು ಬೇಲೂರು, ಹಳೇಬೀಡಿನ ವಿಚಾರ. ನಮ್ಮ ಮಕ್ಕಳಿಗೆ ಅದೊಂದು ದೊಡ್ಡ ಭಾಗ್ಯ, ಹಾಗೆಯೇ ಒಂದು ಅಡ್ಡಿ ಕೂಡ. ಕಲೆ ಅಂದರೆ ಕಲ್ಲಿನದು, ಹಳೆಯದು, ಜಕಣಾಚಾರಿ ಮಾಡಿ ಮುಗಿಸಿದ್ದು ಅಂತ ಅವರು ನಂಬಿಬಿಟ್ಟಿರುತ್ತಾರೆ. ಜಕಣಾಚಾರಿ ಮತ್ತು ಡಂಕಣನ ಕತೆ ಹೇಳು, ಕಪ್ಪೆ ಚೆನ್ನಿಗರಾಯನನ್ನು ತೋರಿಸು, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಕಲ್ಲಿನ ಮೇಲೆ ಕೊರೆದಿರುವ ಹೆಸರುಗಳನ್ನೂ ತೋರಿಸು. ಬೇಲೂರಿನ 42 ಮದನಿಕೆಗಳಲ್ಲಿ ಕೆಲವಕ್ಕೆ ಮಾಡಿದವರ ಅಂಕಿತವಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ತಮ್ಮ ಬಿರುದುಗಳನ್ನೂ, ಎದುರಾಳಿ ರೂವಾರಿಗಳನ್ನು ಮೀರಿಸಿದವರು ತಾವು ಎನ್ನುವ ಹೆಮ್ಮೆಯನ್ನೂ ಕೊರೆದಿಟ್ಟರು. ನಮ್ಮ ತಾಲ್ಲೂಕಿನದೇ ಆದ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ಮಲ್ಲಿತಮ್ಮನ ಹೆಸರಿದೆ. ಅಕ್ಷರ ಹಳೆಯದಾದರೂ ಕನ್ನಡವೇ ಅಲ್ಲವೇ, ಮಕ್ಕಳು ಒಂದೆರಡು ಅಕ್ಷರವನ್ನಾದರೂ ಗುರುತು ಹಿಡಿದು ಕುಣಿಯುತ್ತಾರೆ.

1117ರಲ್ಲಿ ಬೇಲೂರಿನ ಗುಡಿ ಎದ್ದಾಗ ಅದು ಹೊಚ್ಚ ಹೊಸ ಕಲೆ. ಅವರು ಆರಿಸಿಕೊಂಡದ್ದು ಬಳಪದ ಕಲ್ಲು, ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ್ದೇ ಜಾತಿ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಮದನಿಕೆಯ ಕೊರಳಿನ ಸರವನ್ನು ಅಷ್ಟು ನವಿರಾಗಿ ಕೊರೆಯಲು ಆದದ್ದು ಆ ಕಲ್ಲಿನಿಂದ. ಬಾದಾಮಿಯ ಮರಳುಗಲ್ಲಿನಲ್ಲಿ ಅದು ಆಗುವ ಮಾತಲ್ಲ. ಇದೇ ಕಲ್ಲು ಯಾಕೆ ಅಂತ ದಾಸೋಜ ಕೇಳಿಕೊಂಡಿರುತ್ತಾನೆ, ಇದೇ ಕೂದಲು ಯಾಕೆ ಅಂತ ಶೀಲಾ ಗೌಡ ಕೇಳಿಕೊಂಡಿರುತ್ತಾರೆ. ಬಳ್ಳಿಗಾವಿ ಇರುವುದೂ ಇವತ್ತಿನ ಶಿವಮೊಗ್ಗ ಜಿಲ್ಲೆಯಲ್ಲೇ, ಭದ್ರಾವತಿಯ ಹಾಗೆ. ನಡುವೆ ಒಂಬತ್ತು ನೂರು ವರ್ಷ. ಇಬ್ಬರ ಕೃತಿಗಳ ಚಿತ್ರವನ್ನೂ ಒಂದೇ ಗೋಡೆಯ ಮೇಲೆ ಅಂಟಿಸು ಅನ್ನುವುದು ನನ್ನ ಆಸೆ.

ನೀನು ಕೇಳಿದ ಈಗಿನ ಕಲಾವಿದರಲ್ಲಿ ಇನ್ನು ಕೆಲವರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೋಟೇಶ್ವರದ ಎಲ್.ಎನ್. ತಲ್ಲೂರ್ ನಟರಾಜನ ಪ್ರಭಾವಳಿಯನ್ನು ಹಾಗೇ ಇಟ್ಟು, ನಟರಾಜ ಇರಬೇಕಾದ ಜಾಗದಲ್ಲಿ ಕಾಂಕ್ರೀಟಿನ ಉಂಡೆ ಕೂರಿಸಿದ್ದಾರೆ. ಹಳೇಬೀಡಿನ ಗೋಡೆಯ ಮೇಲಿನ ಕುಣಿಯುವ ಶಿವನನ್ನು ನೋಡಿ ಬಂದ ದಿನವೇ ಅದನ್ನು ತೋರಿಸು, ಬೇರೆ ದಿನ ಬೇಡ. ಎನ್. ಪುಷ್ಪಮಾಲಾ ಮೊದಲು ಶಿಲ್ಪಿ. ಆಮೇಲೆ ತಾವೇ ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಂತವರು. ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ನಮ್ಮ ಮನೆಗಳ ದೇವರ ಗೂಡಿನಲ್ಲಿರುವ ಅದೇ ಲಕ್ಷ್ಮಿ. ಅವರು ಹುಟ್ಟುಹಾಕಿದ ವೇದಿಕೆಯ ಹೆಸರು ‘ಸೋಂಬೇರಿಕಟ್ಟೆ’, ಮಕ್ಕಳಿಗೆ ಹೇಳಿದರೆ ಅಲ್ಲಿಗೇ ಸ್ನೇಹವಾಗಿಬಿಡುತ್ತದೆ. ಬೇಲೂರಿನ ದರ್ಪಣ ಸುಂದರಿಯ ಪಕ್ಕ ಆ ಲಕ್ಷ್ಮಿಯ ಚಿತ್ರ ಇಟ್ಟು, ಇಬ್ಬರಲ್ಲಿ ಯಾರನ್ನು ಬೇರೆಯವರು ಹೀಗೆ ನಿಲ್ಲಿಸಿದರು, ಯಾರು ತಾವೇ ನಿಂತರು ಅಂತ ಕೇಳಿ ನೋಡು. ಹೆಣ್ಣುಮಕ್ಕಳು ಏನು ಹೇಳುತ್ತಾರೆ ಅನ್ನುವುದನ್ನು ಗಮನವಿಟ್ಟು ಕೇಳು. ಬಾದಲ್ ನಂಜುಂಡಸ್ವಾಮಿಯವರ ಬಗ್ಗೆ ನಾನು ಹೇಳಬೇಕಾಗಿಯೇ ಇಲ್ಲ. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಗೆ ಮೊಸಳೆ ಬಿಟ್ಟವರು, 2019ರಲ್ಲಿ ಗುಂಡಿಗಳ ನಡುವೆ ಗಗನಯಾತ್ರಿಯನ್ನು ನಡೆಸಿದವರು. ಆ ವಿಡಿಯೋ ಮಕ್ಕಳ ಫೋನಿನಲ್ಲಿ ಆಗಲೇ ಇರುತ್ತದೆ.

ಒಂದು ಎಚ್ಚರ. ಶೀಲಾ ಗೌಡರನ್ನು ತೋರಿಸಿದ ಮೇಲೆ ಮಕ್ಕಳಿಂದ ಕುಂಕುಮದ ಹಗ್ಗ ಮಾಡಿಸಬೇಡ. ಅದು ಅವರದು. ಇವರದು ಏನು ಅಂತ ಇವರೇ ಹುಡುಕಲಿ. ನಾನು ರಿಟೈರ್ ಆಗುವ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಚೀಲದ ತುಂಬ ತೆಂಗಿನಕಾಯಿ ಹೊತ್ತು ತಂದಳು. ಉಂಡೆ ಕೊಬ್ಬರಿ ಮಾಡುವವರ ಮನೆಯ ಮಗು. ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂರಬೇಕಲ್ಲ, ಒಂದೊಂದು ತಿಂಗಳಿನದು ಒಂದೊಂದು ಆರಿಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟು, ‘ಅಲ್ಲಾಡಿಸಿ ಕೇಳಿ ಸಾರ್’ ಅಂದಳು. ಮೊದಲ ಕಾಯಲ್ಲಿ ನೀರು ತುಳುಕಿತು. ಮುಂದೆ ಹೋದಂತೆ ನೀರಿನ ಸದ್ದು ಇಳಿಯುತ್ತ ಬಂತು. ನಡುವೆ ಒಂದೆರಡು ಕಾಯಿ ಸದ್ದೇ ಮಾಡಲಿಲ್ಲ. ಕೊನೆಯದರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಉರುಳಿತು. ಒಂದು ವರ್ಷವನ್ನು ಕಿವಿಯಲ್ಲಿ ಕೇಳಿದ ಹಾಗಾಯಿತು. ನಾನು ಕಂಡ ಒಳ್ಳೆಯ ಕಲಾಕೃತಿಗಳಲ್ಲಿ ಅದೂ ಒಂದು ಅಂತ ಮನಸಾರೆ ಹೇಳುತ್ತೇನೆ. ಕಾಗದದ ಮೇಲೆ ಹುಲುಸಾದ ತೆಂಗಿನಮರ, ಹಿಂದೆ ಎರಡು ಬೆಟ್ಟ, ನಡುವೆ ಸೂರ್ಯ ಬರೆದಿದ್ದರೆ ಅವಳಿಗೆ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬರುತ್ತಿತ್ತೋ ಏನೋ.

ಆ ತೆಂಗಿನಮರವನ್ನೂ ಹೀಗಳೆಯಬೇಡ ಮತ್ತೆ. ಲೋಯರ್, ಹೈಯರ್ ಪರೀಕ್ಷೆಗೆ ಕೈ ಪಳಗಬೇಕು, ಗೆರೆ ನೆಟ್ಟಗಾಗಬೇಕು. ಅದನ್ನು ಬಿಟ್ಟು ಬರೀ ಯೋಚನೆ ಕಲಿಸುತ್ತೇನೆ ಅಂದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ವಾರಕ್ಕೆ ಸಿಗುವ ಪೀರಿಯಡ್ ಕಡಿಮೆ, ಗೊತ್ತು. ಅದರಲ್ಲಿ ತಿಂಗಳಿಗೊಂದನ್ನು ಇದಕ್ಕೆ ಎತ್ತಿಡು.

‘ಇದೂ ಒಂದು ಕಲೆಯಾ ಮಿಸ್?’ ಅಂತ ಯಾರಾದರೂ ಎದ್ದು ಕೇಳುತ್ತಾರೆ. ಗದರಿಸಬೇಡ. ಆ ಮಗು ನಿಜವಾಗಿ ನೋಡುತ್ತಿದೆ. ಅಲ್ಲ ಅನ್ನಿಸಿದರೆ ಯಾಕೆ ಅಲ್ಲ ಅಂತ ಹೇಳಲಿ, ಹೌದು ಅನ್ನುವವರು ಅದಕ್ಕೆ ಎದುರು ಹೇಳಲಿ. ಗಂಟೆ ಬಾರಿಸುವವರೆಗೂ ಮುಗಿಯದಿದ್ದರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ನೀನು ತೀರ್ಪು ಕೊಡಲು ಹೋಗಬೇಡ. ಮಕ್ಕಳು ಏನೇ ಮಾಡಲಿ, ಅದರ ಕೆಳಗೆ ಹೆಸರು ಬರೆಸು. ದಾಸೋಜ ಬರೆದುಕೊಂಡಿದ್ದಾನೆ, ಇವರೂ ಬರೆಯಲಿ.

ನಮ್ಮ ಹಿತ್ತಲಿನಲ್ಲಿ ಅವ್ವನ ಒಳಕಲ್ಲು ಹಾಗೇ ಇದೆ, ಗುಂಡುಕಲ್ಲೂ ಪಕ್ಕದಲ್ಲೇ ಇದೆ. ಸೋಮವಾರ ಬೆಳಿಗ್ಗೆ ಒಂದು ಗೂಡ್ಸ್ ಆಟೊ, ನಾಲ್ಕು ಜನ ಗಟ್ಟಿ ಹುಡುಗರನ್ನು ಕಳಿಸು, ಎತ್ತಿಕೊಡುತ್ತೇನೆ.