ಕೆಮ್ಮಿನ ಮಾತಿಗೆ ಕಿವಿಗೊಟ್ಟ ವೈದ್ಯ: ಡಾ. ಹಾಫ್‌ಡಾನ್ ಮಾಹ್ಲರ್

‘ಕ್ಷಯ’ ಎಂಬುದು ಸಂಸ್ಕೃತದ ‘ಕ್ಷಿ’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಸವೆಯುವುದು, ಕುಗ್ಗುವುದು ಎಂದು ಇದರ ಅರ್ಥ. ಆಯುರ್ವೇದ ಗ್ರಂಥಗಳು ಈ ವ್ಯಾಧಿಯನ್ನು ‘ರಾಜಯಕ್ಷ್ಮ’ವೆಂದು ಕರೆದು, ದಕ್ಷನ ಕೋಪದಿಂದ ಮೊದಲು ಚಂದ್ರನಿಗೇ ತಗುಲಿತೆಂದು ಕಥೆ ಹೇಳುತ್ತವೆ. ಅರವತ್ತು ಸಂವತ್ಸರಗಳಲ್ಲಿ ಕಡೆಯದು ‘ಕ್ಷಯ’. ಅದನ್ನು ‘ಅಕ್ಷಯ’ವೆಂದು ಬರೆಯುವ ಪಂಚಾಂಗಗಳೂ ಉಂಟು. ವರ್ಷದ ಹೆಸರಾಗಿಯೂ ಆ ಶಬ್ದವನ್ನು ಉಚ್ಚರಿಸಲು ಅಂಜಿದ ಜನ, ಮನೆಯೊಳಗೆ ಅದು ಬಂದಾಗ ಎಷ್ಟು ಅಂಜಿರಬೇಕೆಂಬುದನ್ನು ಊಹಿಸಬಹುದು.

ಊಹಿಸುವ ಅಗತ್ಯ ನನಗಿರಲಿಲ್ಲ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಳ್ನಾವರದ ನಮ್ಮ ಮನೆಯಲ್ಲಿಯೇ ಅದನ್ನು ಕಂಡೆನು. ಸೋದರಮಾವನವರು ಸಾಮಿಲ್ಲಿನಲ್ಲಿ ದಿಮ್ಮಿ ಕೊರೆಯುವ ಕೆಲಸದಲ್ಲಿದ್ದರು. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಕಟ್ಟಿಗೆಯ ಹೊಟ್ಟಿನ ಧೂಳೆಂದು ಕೆಲವರೂ, ಮಲೆನಾಡ ಸೆರಗಿನ ಥಂಡಿಯೆಂದು ಕೆಲವರೂ ಹೇಳಿದರು. ಅವರೇನು ಮನೆಯಲ್ಲಿ ಸುಮ್ಮನೆ ಕುಳಿತವರಲ್ಲ. ಮೂರು ಸಲ ದವಾಖಾನೆಗೆ ನಡೆದರು. ಮೂರು ಸಲವೂ ಕೈಯಲ್ಲಿ ಒಂದು ಬಾಟಲಿ ಹಿಡಿದು ಮರಳಿದರು. “ತಮ್ಮಾ, ಮತ್ತ ಅದ ಕೆಂಪ ಔಷಧಾನ ಕೊಟ್ಟಾರ ನೋಡು” ಎಂದು ಅವರು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ. ದವಾಖಾನೆ ಯಾವುದೆಂಬುದು ಇಲ್ಲಿ ಬೇಡ. ನಾಲ್ಕನೆಯ ಸಲ, ಬೇರೆಡೆಯಲ್ಲಿ, ಕಫವನ್ನು ಪರೀಕ್ಷಿಸಿದರು. ಅಷ್ಟರಲ್ಲಿ ನಮ್ಮ ಅತ್ತೆಗೂ ಕೆಮ್ಮು ಹತ್ತಿತ್ತು.

ಈ ಮೂರು ಬಾಟಲಿಗಳ ಕಥೆ ನಮ್ಮ ಮನೆಯದು ಮಾತ್ರವೆಂದು ನಾನು ಬಹುಕಾಲ ತಿಳಿದಿದ್ದೆನು. ಅದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಾನು ಹುಟ್ಟುವ ಮೊದಲೇ ಬರೆಹಕ್ಕಿಳಿದಿತ್ತೆಂಬುದನ್ನೂ, ಆ ಬರೆಹದಿಂದ ಒಂದು ರಾಷ್ಟ್ರದ ಆರೋಗ್ಯನೀತಿ ರೂಪುಗೊಂಡಿತೆಂಬುದನ್ನೂ ತಡವಾಗಿ ಓದಿ ತಿಳಿದೆನು. ಆ ಕಾರ್ಯದಲ್ಲಿ ತೊಡಗಿದವರೊಳಗೆ ಡೆನ್ಮಾರ್ಕಿನ ಡಾ. ಹಾಫ್‌ಡಾನ್ ಮಾಹ್ಲರರು ಒಬ್ಬರು.

ಮಾಹ್ಲರರು ಜನಿಸಿದ್ದು 1923ರಲ್ಲಿ. ದಕ್ಷಿಣ ಅಮೆರಿಕೆಯ ಎಕ್ವಡಾರ್ ದೇಶದಲ್ಲಿ ಕ್ಷಯನಿವಾರಣೆಯ ಕೆಲಸ ಮಾಡಿ, 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಸುಮಾರು ಹತ್ತು ವರ್ಷ ಇಲ್ಲಿಯೇ ದುಡಿದರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಅರಸರಿಗೆ ಸೇರಿದ್ದ ‘ಅವಲಾನ್’ ಎಂಬ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನೆಲೆಗೊಂಡಾಗ ಅದನ್ನು ಕಟ್ಟಿದವರಲ್ಲಿ ಅವರೂ ಇದ್ದರು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು.

ಆ ಕಾಲದ ಕಷ್ಟವೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲಿಯೂ, ಐಸೋನಿಯಾಜಿಡ್ 1952ರಲ್ಲಿಯೂ ಬಳಕೆಗೆ ಬಂದು ರೋಗಕ್ಕೆ ಮದ್ದು ದೊರಕಿತ್ತು. ಆದರೆ ಚಿಕಿತ್ಸೆಯೆಂದರೆ ಆರೋಗ್ಯಧಾಮದ ಹಾಸಿಗೆ ಎಂಬ ಭಾವನೆ ಅಳಿದಿರಲಿಲ್ಲ. ಲಕ್ಷಲಕ್ಷ ರೋಗಿಗಳಿಗೆ ಹಾಸಿಗೆ ತರುವುದೆಲ್ಲಿಂದ? 1959ರಲ್ಲಿ ಮದರಾಸಿನ ಸಂಶೋಧಕರು, ಮನೆಯಲ್ಲಿಯೇ ಇದ್ದು ಮದ್ದು ಸೇವಿಸಿದವರು ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣಹೊಂದುವರೆಂದೂ, ಅದರಿಂದ ಮನೆಯವರಿಗೆ ಅಪಾಯ ಹೆಚ್ಚುವುದಿಲ್ಲವೆಂದೂ ತೋರಿಸಿದರು. ಹಾಸಿಗೆಯ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಉಳಿದುದು ರೋಗಿಯನ್ನು ಕಂಡುಹಿಡಿಯುವ ಪ್ರಶ್ನೆ. ಹಳ್ಳಿಯವನು ಅಜ್ಞಾನಿ, ತಾನಾಗಿ ಬರಲಾರ, ಕ್ಷ-ಕಿರಣದ ಯಂತ್ರವನ್ನು ಹೊತ್ತು ನಾವೇ ಊರೂರು ಅಲೆಯಬೇಕು ಎಂಬುದು ಬಲ್ಲವರ ಮತವಾಗಿತ್ತು.

ಬೆಂಗಳೂರಿನ ಸಂಸ್ಥೆ ಈ ಮತವನ್ನು ಒಪ್ಪಿಕೊಳ್ಳುವ ಮೊದಲು ಹಳ್ಳಿಯವನನ್ನೇ ಕೇಳಿತು. ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ರೋಗವಿದೆಯೆಂದು ಗೊತ್ತಾದವರ ಬಾಗಿಲಿಗೆ ಡಾ. ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ಹೋಗಿ, ನಿಮಗೇನು ಬಾಧೆ, ಅದಕ್ಕಾಗಿ ಏನು ಮಾಡಿದಿರಿ ಎಂದು ವಿಚಾರಿಸಿತು. 1963ರಲ್ಲಿ ಪ್ರಕಟವಾದ ಫಲಿತಾಂಶ ಬಲ್ಲವರನ್ನು ನಾಚಿಸುವಂತಿತ್ತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಬಾಧೆಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಧುನಿಕ ವೈದ್ಯರ ಬಳಿಗೆ ಹೋಗಿಯೂ ಇದ್ದರು. ಅವರಲ್ಲಿ ಅನೇಕರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಬಾಟಲಿ! ಅಜ್ಞಾನ ಇದ್ದುದು ನಿಜ. ಆದರೆ ಅದು ಮೇಜಿನ ಯಾವ ಬದಿಯಲ್ಲಿತ್ತೆಂಬುದನ್ನು ತಿರುಗಿ ನೋಡಬೇಕಾಯಿತು.

ಇದರಿಂದ ಹುಟ್ಟಿದ್ದು 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ. ಅದರ ಸೂತ್ರ ಸರಳ. ಕೆಮ್ಮಿಕೊಂಡು ಬಂದವನ ಕಫವನ್ನು ಹತ್ತಿರದ ಸಾಮಾನ್ಯ ದವಾಖಾನೆಯಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕ್ರಿಮಿ ಕಂಡರೆ ಉಚಿತವಾಗಿ ಮದ್ದು ಕೊಟ್ಟು ಮನೆಯಲ್ಲಿಯೇ ಗುಣಪಡಿಸುವುದು. ಜಿಲ್ಲೆಯನ್ನು ಇದರ ಘಟಕವಾಗಿಟ್ಟುಕೊಳ್ಳುವುದು. ಸುಮ್ಮನೆ ಬಿಟ್ಟರೆ ಏನಾಗುವುದೆಂಬುದನ್ನು ಇದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಅಭ್ಯಸಿಸಿತು. ವ್ಯವಸ್ಥಿತ ಚಿಕಿತ್ಸೆಯಿಲ್ಲದ ರೋಗಿಗಳಲ್ಲಿ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಜನ ಮೃತರಾದರು; ಮೂರನೆಯ ಒಂದು ಪಾಲಿನಷ್ಟು ಜನ ತಾವಾಗಿ ಗುಣಹೊಂದಿದರು; ಉಳಿದವರು ರೋಗವನ್ನು ಹಂಚುತ್ತಲೇ ಇದ್ದರು.

ಸೂತ್ರ ಸರಿಯಾಗಿದ್ದರೂ ಆಚರಣೆ ಸೊರಗಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ತುಮಕೂರಿನ ಪಾಠವಾಗಿ ಇಪ್ಪತ್ತು ವರ್ಷ ಕಳೆದ ಮೇಲೆಯೂ ನಮ್ಮ ಮಾವನವರಿಗೆ ಬಾಟಲಿಯೇ ಸಿಕ್ಕಿತು. 1992ರ ಪುನರ್ವಿಮರ್ಶೆಯಲ್ಲಿ, ಚಿಕಿತ್ಸೆಯನ್ನು ಪೂರ್ಣಗೊಳಿಸುವವರು ಅರ್ಧದಷ್ಟೂ ಇಲ್ಲವೆಂದು ಕಂಡುಬಂದಿತು. ಕಣ್ಣೆದುರಿನಲ್ಲಿಯೇ ಮದ್ದು ನುಂಗಿಸುವ ಪರಿಷ್ಕೃತ ಕಾರ್ಯಕ್ರಮ 1997ರಿಂದ ಹಬ್ಬಿತು.

ಮಾಹ್ಲರರು 1962ರಲ್ಲಿ ಜಿನೀವಾದ ಕ್ಷಯ ವಿಭಾಗದ ಮುಖ್ಯಸ್ಥರಾದರು. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ, ಹದಿನೈದು ವರ್ಷ ಆ ಪದವಿಯಲ್ಲಿದ್ದು 1988ರಲ್ಲಿ ನಿವೃತ್ತರಾದರು. ಸಿಡುಬಿನ ನಿರ್ಮೂಲನ, 1977ರ ಅತ್ಯವಶ್ಯಕ ಔಷಧಗಳ ಪಟ್ಟಿ, 1978ರ ಆಲ್ಮಾ-ಆಟಾ ಘೋಷಣೆ ಇವೆಲ್ಲ ಅವರ ಕಾಲದವು. ಪ್ರಾಥಮಿಕ ಆರೋಗ್ಯ ಸೇವೆಯೇ ಮೂಲವೆಂಬ ಆ ಘೋಷಣೆಯನ್ನು ಓದುವಾಗ ನನಗೆ ತುಮಕೂರಿನ ಬಾಗಿಲುಗಳೇ ನೆನಪಾಗುತ್ತವೆ. ಶ್ವಾಸಕೋಶವನ್ನು ಅವರು ಕಡೆಯವರೆಗೂ ಮರೆಯಲಿಲ್ಲ. 1980ರ ವಿಶ್ವ ಆರೋಗ್ಯ ದಿನದ ವಿಷಯ ಧೂಮಪಾನವಾಗಿತ್ತು. ನಿವೃತ್ತಿಯ ವರ್ಷ, 1988ರ ಏಪ್ರಿಲ್ 7ರಂದು, ಜಗತ್ತು ಮೊದಲ ತಂಬಾಕುರಹಿತ ದಿನವನ್ನು ಆಚರಿಸಿತು. ನಿಪ್ಪಾಣಿಯ ಬೀಡಿ ತಂಬಾಕಿಗೆ ಹೆಸರಾದ ನಮ್ಮ ಸೀಮೆಯವರು ಆ ದಿನವನ್ನು ಅರಿತುಕೊಳ್ಳುವುದು ಸಲ್ಲುತ್ತದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯಿದೆಯನ್ನು ನಮ್ಮ ಬೀದಿಯ ಪಾನಪಟ್ಟಿ ಅಂಗಡಿಗಳೂ ಅರಿತುಕೊಂಡರೆ ಒಳಿತು. ಮಾಹ್ಲರರು 2016ರಲ್ಲಿ ಜಿನೀವಾದಲ್ಲಿ ತೀರಿಕೊಂಡರು.

ಈಗ ಸರಕಾರವು ರೋಗಿಗಳ ಪೋಷಣೆಗೆಂದು ‘ನಿಕ್ಷಯ’ ಎಂಬ ಹೆಸರಿನ ಯೋಜನೆಯನ್ನು ನಡೆಸುತ್ತಿದೆ. ‘ನಿಃಕ್ಷಯ’ ಎಂದಿದ್ದರೆ ವ್ಯಾಕರಣಕ್ಕೆ ತೃಪ್ತಿಯಾಗುತ್ತಿತ್ತು. ಆದರೆ ಕೆಲಸ ಒಳ್ಳೆಯದಾದುದರಿಂದ ವಿಸರ್ಗವನ್ನು ಬಿಟ್ಟುಕೊಡೋಣ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದ ನೆರವು 2024ರಲ್ಲಿ 1000 ಆಯಿತು. 2022ರಿಂದ ‘ನಿಕ್ಷಯ ಮಿತ್ರ’ರಾಗಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಯೊಬ್ಬನ ಆಹಾರದ ಹೊಣೆ ಹೊರಬಹುದಾಗಿದೆ. ದಾಸೋಹದ ಉಗ್ರಾಣವುಳ್ಳ ಮಠಕ್ಕೂ, ಅದಕ್ಕೆ ಧಾನ್ಯ ಸಲ್ಲಿಸುವ ದಾನಿಗಳಿಗೂ ಇದು ಹೊಸ ಪಾಠವೇನಲ್ಲ; ಅರ್ಜಿಯ ನಮೂನೆ ಮಾತ್ರ ಹೊಸತು. ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಎರಡು ವಾರ ಮೀರಿ ಕೆಮ್ಮುವ ಹುಡುಗನನ್ನು ತರಗತಿಯಲ್ಲಿ ಕಂಡರೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, ಮನೆಯಲ್ಲಿ ಬೇರಾರು ಕೆಮ್ಮುತ್ತಿದ್ದಾರೆಂದು ಅವನನ್ನು ಬಳಿಗೆ ಕರೆದು ಕೇಳಿರಿ. ನಮ್ಮ ಮಾವನವರು ಮದ್ದು ಮುಗಿಸಿ ಗುಣಹೊಂದಿ ಮತ್ತೆ ಸಾಮಿಲ್ಲಿಗೆ ಹೋದರು. ಅತ್ತೆಯವರ ಕೆಮ್ಮನ್ನು ಮಾತ್ರ ಆ ವರ್ಷ ಯಾರೂ ಕೇಳಲಿಲ್ಲ. ಮರುವರ್ಷದ ಯುಗಾದಿಗೆ ಅವರಿರಲಿಲ್ಲ.